ಹಿಡೀರೋ ಅವ್ನ!

ನಲವತ್ತೆರಡರ ಚಳವಳಿ ಕಾವೇರಿದ್ದಾಗ, ಮುಂಜಾನೆ ರಸ್ತೆಯಲ್ಲಿ ಓಡುವವನೆಲ್ಲ ಪೊಲೀಸರ ಕಣ್ಣಿಗೆ ಟೆಲಿಗ್ರಾಫ್ ತಂತಿ ಕತ್ತರಿಸಿ ಬಂದವನೇ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಗಾರ ಶೇಷಪ್ಪ ಶಿವಮೊಗ್ಗದ ದಸರಾ ಓಟದ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದಾನೆಂದು ಪೇದೆ ಕರಿಯಣ್ಣನಿಗೇನು ಗೊತ್ತು? ಕಂಡಾಗಲೆಲ್ಲ "ಹಿಡೀರೋ ಅವ್ನ!" ಎಂದು ಕೂಗಿ ಸೈಕಲ್ ಹತ್ತುತ್ತಿದ್ದ. ಯುದ್ಧದ ಕಾಲ, ಟ್ಯೂಬು ಸಿಗದೆ ಟೈರಿಗೆ ಹುಲ್ಲು ತುರುಕಿದ್ದ ಸೈಕಲ್ಲದು, ಕುಂಟುತ್ತ ಬರುತ್ತಿತ್ತು. ನಿಂತು ವಿಷಯ ಹೇಳಿದ್ದರೆ ಮುಗಿಯುತ್ತಿತ್ತು. ಶೇಷಪ್ಪ ನಿಲ್ಲಲಿಲ್ಲ. ಮುಂದೆ ಬೆಳ್ಳಿ ಕಪ್ ಇರುವುದಕ್ಕಿಂತ ಹಿಂದೆ ಲಾಠಿ ಇದ್ದರೆ ಕಾಲು ಚೆನ್ನಾಗಿ ಏಳುತ್ತದೆಂದು ಅವನಿಗೆ ಮನದಟ್ಟಾಗಿತ್ತು.

ಪಂದ್ಯದ ದಿನ ಶಿವಮೊಗ್ಗದ ಪೇಟೆ ಹೊಕ್ಕಾಗ ಅವನೇ ಮುಂದಿದ್ದ. ಆದರೆ ಅಟ್ಟಿಸಿಕೊಂಡು ಬರುವವರಿಲ್ಲದೆ ಕಾಲು ಸೋಮಾರಿಯಾಯಿತು. ಹಿಂದಿನವನ ಉಸಿರು ಕಿವಿಗೇ ಕೇಳಿಸತೊಡಗಿತು. ಅಷ್ಟರಲ್ಲಿ, ಅಲ್ಲಿಗೆ ಬಂದೋಬಸ್ತಿಗೆ ಬಂದು ಜನರನ್ನು ಹಿಂದೆ ಸರಿಸುತ್ತಿದ್ದ ಕರಿಯಣ್ಣ ಅವನ ಗುರುತು ಹಿಡಿದು ಅರಚಿದ: "ಹಿಡೀರೋ ಅವ್ನ!"

ಕಾಲಿಗೆ ಬೇಕಾಗಿದ್ದುದೂ ಅಷ್ಟೇ. ಶೇಷಪ್ಪ ಗುರಿಯ ದಾರ ಹರಿದುಕೊಂಡೇ ಹೋದ.

ಏದುಸಿರು ಬಿಡುತ್ತ ಓಡಿಬಂದ ಕರಿಯಣ್ಣ ಅವನ ಎದೆಯ ಮೇಲಿನ ನಂಬರನ್ನೂ, ಕೇಕೆ ಹಾಕುತ್ತಿದ್ದ ಜನರನ್ನೂ ನೋಡಿದ. ಶೇಷಪ್ಪ ನಗುತ್ತ, ಬೇಡಿ ಹಾಕಿಸಿಕೊಳ್ಳುವವನಂತೆ ಎರಡೂ ಕೈ ಚಾಚಿದ.

"ಅಂತೂ ಕೈಗೆ ಸಿಕ್ದೆಯಲ್ಲೋ ಮಾರಾಯ!" ಎಂದು ಪೇದೆ ಆ ಕೈ ಹಿಡಿದು, ಪೇಟೆಗೆಲ್ಲ ಕಾಣುವಂತೆ ಮೇಲಕ್ಕೆತ್ತಿದ.