ಬಾಗಿಲ ಮೇಲಿನ ಎರಡನೇ ಅಂಕಿ

ಊಟದ ಸೈರನ್ ಕೂಗಿದೊಡನೆ ಮಗ್ಗದಕ್ಕನ ಮೈದುನ ನೇಯ್ಗೆ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ಷೇರಿನ ಬೆಲೆ ಬರೆಯುತ್ತಿದ್ದ. ಬೋನಸ್ ಕೇಳಿದವರ ಕೈಗೆ ಮಿಲ್ಲಿನ ಧಣಿಗಳು ಷೇರು ತುರುಕಿದಂದಿನಿಂದ ಅದೊಂದು ರೂಢಿ. ಈಗ ಆ ಅಂಕಿ ದಿನಾ ಇಳಿಯುತ್ತಿತ್ತು; ಓದಿದವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಎಲ್ಲರೂ ಮಗ್ಗದಕ್ಕ ಎಂದು ಕರೆಯುವ ಹೆಂಗಸು ಬುತ್ತಿ ಮುಚ್ಚಿದಳು. ಶೆಡ್ಡು ಮುಚ್ಚಬೇಕೋ ಬೇಡವೋ ಎಂದು ಷೇರುದಾರರು ವೋಟು ಹಾಕುವ ಸಭೆ ಹತ್ತಿರವಿತ್ತು. ಶೆಡ್ಡಿನವರ ಷೇರೆಲ್ಲ ಒಟ್ಟಾದರೆ ಮುಚ್ಚುವ ಮಾತು ಬೀಳುತ್ತಿತ್ತು. ಮಾರಿಬಿಟ್ಟರೆ ವೋಟೂ ಹೋಯಿತು, ಮಗ್ಗವೂ ಹೋಯಿತು.

“ಅತ್ತಿಗೆ, ಮುಳುಗೋ ಮುಂಚೆ ಮಾರಿ ಕೈ ತೊಳ್ಕೊಳ್ಳೋಣ. ಅರ್ಧ ಶೆಡ್ಡು ನಾಳೆ ಹೊರಟಿದೆ,” ಎಂದ ಮೈದುನ.

“ದಲಾಳಿ ಹತ್ರ ಹೋಗೋಣ ನಡಿ. ಮಾರೋದು ಆಮೇಲೆ.”

ದಲಾಳಿಯ ಪರದೆಯ ಮೇಲೆ ಬೆಲೆ ಕೆಂಪಗೆ ಮಿನುಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಿ.

“ಇದೇನಪ್ಪಾ, ಹನ್ನೆರಡು?”

“ಬೆಳಗಿಂದ ಕೈ ಬದಲಾದ ಷೇರು, ಅಮ್ಮಾ.”

“ನಮ್ಮ ಹತ್ರಾನೇ ಸಾವಿರಾರು ಇದಾವೆ. ಹನ್ನೆರಡು ಮಾರಿದ್ದಕ್ಕೆ ಎಲ್ಲದರ ಬೆಲೆ ಬಿತ್ತಾ?”

“ಕೊನೇ ವ್ಯಾಪಾರದ ರೇಟೇ ಎಲ್ಲಕ್ಕೂ ರೇಟು. ಜನ ನಿಜವಾಗ್ಲೂ ಬಿಟ್ಟು ಓಡ್ತಿದ್ರೆ ಈ ಸಣ್ಣ ಅಂಕಿ ಉಬ್ಬಬೇಕಿತ್ತು.” ದಲಾಳಿ ಆಕಳಿಸಿದ. “ಆದ್ರೆ ಇದನ್ನ ಯಾರು ಕೇಳ್ತಾರೆ? ಎಲ್ರೂ ಬೆಲೆ ನೋಡ್ತಾರೆ, ಬೆವರ್ತಾರೆ, ಹೋಗ್ತಾರೆ.”

ಮಗ್ಗದಕ್ಕ ಬಲ್ಲಳು: ಒಂದು ಮಗ್ಗ ಲಟಲಟ ಎಂದರೆ ಶೆಡ್ಡು ನಡೆಯುತ್ತಿದೆ ಎನ್ನಲಾಗದು. ಎಲ್ಲವೂ ಎದ್ದಾಗ ಕಾಲಡಿಯ ನೆಲ ನಡುಗುತ್ತದೆ. ಇಲ್ಲಿ ನೆಲ ನಡುಗಿರಲೇ ಇಲ್ಲ. ಯಾರೋ ಒಂಟಿ ಮಗ್ಗ ಬಡಿದು ಇಡೀ ಶೆಡ್ಡನ್ನು ಹೆದರಿಸುತ್ತಿದ್ದರು.

“ಎಲ್ಲೋ ನಿನ್ನ ಸೀಮೆಸುಣ್ಣ?” ಎಂದಳು.

ಮರುದಿನ ಬೆಲೆಯ ಪಕ್ಕದಲ್ಲಿ, ಅದಕ್ಕಿಂತ ದಪ್ಪಗೆ, ಹನ್ನೆರಡು ಎಂದು ಬರೆದಳು.

“ನಿನ್ನೆ ಇಷ್ಟೇ ಷೇರು ಕೈ ಬದಲಾಗಿದ್ದು. ನಿಮ್ಮಲ್ಲಿ ಯಾರು ಮಾರಿದ್ರಿ?”

“ನಾನಲ್ಲ,” “ನಾನೂ ಅಲ್ಲ,” ಎಂದು ಎಲ್ಲರೂ ತಲೆ ಅಲ್ಲಾಡಿಸಿದರು.

“ಹಾಗಾದ್ರೆ ಧಣಿಗಳ ಕಡೆಯವರೇ ಅವರವರಲ್ಲೇ ಕೊಟ್ಟು ತಗೊಂಡು ಬೆಲೆ ಬೀಳಿಸ್ತಿದಾರೆ. ಶೆಡ್ಡು ಮುಚ್ಚೋ ವೋಟಿಗೆ ನಮ್ಮ ಷೇರು ಅವರಿಗೆ ಬೇಕು, ಅದೂ ಅಗ್ಗಕ್ಕೆ. ಹೆದರಿ ಮಾರೋಕೆ ನಾವು ಸಾಲುಗಟ್ಟಿ ನಿಲ್ಲಬೇಕು ಅಂತ ಕಾಯ್ತಿದಾರೆ, ಅಷ್ಟೆ.”

“ಹನ್ನೆರಡಕ್ಕೆ ನನ್ನ ವಾರದ ನಿದ್ದೆ ಹಾಳಾಯ್ತಾ?” ಎಂದ ನೂಲು ಸುತ್ತುವವ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಾರಲು ಹೊರಟವರು ಮಗ್ಗಕ್ಕೆ ಮರಳಿದರು.

ಬೆಲೆ ಇನ್ನೂ ಎರಡು ಸಲ ಬಿತ್ತು. ಒಬ್ಬರೂ ಕದಲಲಿಲ್ಲ. ಸಭೆ ಸಮೀಪಿಸಿದಂತೆ ಎಲ್ಲ ತಿರುವುಮುರುವಾಯಿತು: ಕೊಳ್ಳುವವರು ಬೆಲೆ ಏರಿಸಿ ಏರಿಸಿ ಕೂಗತೊಡಗಿದರು. ಕೊಡುವವರಿರಲಿಲ್ಲ.

ಸಭೆಯ ಹಿಂದಿನ ದಿನ ಮೈದುನ ಬಾಗಿಲ ಮುಂದೆ ತಡವರಿಸಿದ. “ಅತ್ತಿಗೆ, ಇಂಥ ರೇಟು ಮತ್ತೆ ಬರಲ್ಲ.”

“ಮೊನ್ನೆ ಮುಳುಗೋ ದೋಣಿ ಅಂದೆ. ಅದೇ ದೋಣಿಗೆ ಈಗ ಧಣಿಗಳು ಮುಗಿಬೀಳ್ತಿದಾರೆ. ನಿನ್ನ ಮಗ್ಗಕ್ಕೆ ಎಷ್ಟು ರೇಟು, ಹೇಳು.”

ಮೈದುನ ಬಾಗಿಲ ಕಡೆ ತಿರುಗಿದ. ಬೆಲೆಯ ಜಾಗ ಖಾಲಿ ಬಿಟ್ಟ. ಎರಡನೇ ಅಂಕಿಯ ಜಾಗದಲ್ಲಿ ಒಂದು ಸೊನ್ನೆ ಬರೆದ. ಸೀಮೆಸುಣ್ಣ ಮುರಿಯುವಷ್ಟು ಒತ್ತಿ, ಅದನ್ನೇ ಮತ್ತೆ ಮತ್ತೆ ತಿದ್ದಿದ.