ಪರದೆಯಾಚೆಯ ದನಿ

ಕಣ್ಣು ಮುಚ್ಚಿದರೂ ದೀಪದ ಬೆಳಕು ರೆಪ್ಪೆಯೊಳಗೆ ಕೆಂಪಗೆ ಹರಡಿದೆ, ಸೂಜಿಮದ್ದಿಗೆ ಮರಗಟ್ಟಿದ ತುಟಿ ನನ್ನದಲ್ಲ, ನಾಲಿಗೆಯೂ ನನ್ನದಲ್ಲ, ಇನ್ನೂ ಸ್ವಲ್ಪ ಅಗಲ ತೆಗೀರಿ ಪ್ರೇರಣಾ ಅನ್ನುತ್ತಾರೆ ಹಲ್ಲಿನ ಡಾಕ್ಟರ್, ತೆಗೆಯುತ್ತೇನೆ, ನಾಳೆ ನನ್ನ ಕಿರುಚಿತ್ರದ ಡಬ್ಬಿಂಗ್, ದನಿ ಇನ್ನೂ ಸಿಕ್ಕಿಲ್ಲ, ಸಿಗುತ್ತದೆ, ಸಿಗದೆ ಎಲ್ಲಿ ಹೋಗುತ್ತದೆ — ಎಡಿಟಿಂಗ್ ಮಾಡುವ ಮಯೂರ್ ಬೆಳಗ್ಗೆಯೇ ಫೋನಿನಲ್ಲಿ ಸಿಡುಕಿದ್ದ, ಇನ್ನೂ ಎಷ್ಟು ಜನನ್ನ ಬೇಡ ಅಂತೀಯಾ ಗುರು, ಆ ಜಯನಗರದ ಹುಡುಗಿ ವಾಯ್ಸ್ ಸಖತ್ತಾಗಿತ್ತಲ್ಲ, ಸಖತ್ತಾಗಿತ್ತು, ಅದೇ ತೊಂದರೆ, ಅವಳು ಸಮಾಧಾನ ಹೇಳಿದರೆ ಕನಕಪುರ ರಸ್ತೆಯಲ್ಲಿ ಫ್ಲಾಟ್ ಮಾರುತ್ತಿದ್ದಾಳೆ ಅನ್ನಿಸುತ್ತದೆ, ನನ್ನ ಚಿತ್ರದಲ್ಲಿರುವುದು ಕೆಟ್ಟು ನಿಂತ ಲಿಫ್ಟು, ಒಳಗೆ ಒಬ್ಬಳೇ ಹುಡುಗಿ, ಕತ್ತಲು, ಸ್ಪೀಕರಿನಿಂದ ಬರುವ ಒಂದು ದನಿ, ಅದನ್ನು ನಂಬದಿದ್ದರೆ ಅವಳು ಹೇಗೆ ಉಸಿರಾಡಿಯಾಳು — ಪಕ್ಕದ ಪರದೆಯಾಚೆ ಯಾರೋ ಹೆಂಗಸು ನರಳುತ್ತಾಳೆ, ಸೂಜಿ ಬ್ಯಾಡ್ರೀ, ಬ್ಯಾಡ, ಆಮೇಲೆ ಒಬ್ಬ ಗಂಡಸು, ಅಂಜಬ್ಯಾಡ, ನಾ ಇಲ್ಲೇ ಅದೀನಿ, ಸ್ವಲ್ಪ ಹೊತ್ತು ಏನೂ ಇಲ್ಲ, ಉಸುರು ಬಿಡು, ಹಾಂ, ಇನ್ನೊಮ್ಮಿ — ಒರಟು ದನಿ, ಸಿಹಿ ಇಲ್ಲ, ಆದರೆ ಮಾತಿನ ನಡುವೆ ಆತ ಬಿಡುವ ಜಾಗವಿದೆಯಲ್ಲ, ಅಲ್ಲಿ ಆರಾಮಾಗಿ ಕುಳಿತುಕೊಳ್ಳಬಹುದು, ನನ್ನ ಉಸಿರೂ ಇಳಿಯಿತು, ಇದೇ, ಸ್ಕ್ರಿಪ್ಟಿನಲ್ಲಿ ಹೆಣ್ಣು ದನಿ ಅಂತ ಬರೆದಿದ್ದೇನೆ, ಬರೆದವಳು ನಾನೇ, ಬದಲಾಯಿಸುತ್ತೇನೆ — ಆಯ್ತಮ್ಮ, ಹೊರಡಬಹುದು ಅನ್ನುತ್ತಿದ್ದಾರೆ ಅಲ್ಲಿ, ಹೊರಟುಬಿಡುತ್ತಾನೆ, ಯಡಿಯೂರಿನ ಟ್ರಾಫಿಕ್ಕಿನಲ್ಲಿ ಕರಗಿಬಿಡುತ್ತಾನೆ, ಕೈ ಎತ್ತಿದೆ, ನೋವಾ, ಅಂದರು ಡಾಕ್ಟರ್, ಅಲ್ಲ, ಕೊರಳಿನ ಪ್ಲಾಸ್ಟಿಕ್ ಹಾಳೆ ಸಮೇತ ಕುರ್ಚಿಯಿಂದ ಇಳಿದೇಬಿಟ್ಟೆ.

ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ನಿಮ್ಮ ದನಿ ಬೇಕು ಸಾರ್ ಅಂದೆ, ಹೊರಬಿದ್ದದ್ದು ನಿಮ್ಮ ಹನಿ ಬೇಕು ಹಾರ್, ನೀರು ಬೇಕೇನವಾ, ಸಾವಕಾಶ ಹೇಳು, ಗಡಿಬಿಡಿ ಏನೈತಿ — ಸಾವಕಾಶ ಹೇಳಿದೆ, ಅವರು ಗುರುಶಾಂತಪ್ಪ, ಬನಶಂಕರಿಯಲ್ಲಿ ಸೀರೆ ಅಂಗಡಿ, ಹೆಂಡತಿ ಉಮಾಮಹೇಶ್ವರಿ ಬೆಂಚಿನಲ್ಲಿ, ಬಾಯಲ್ಲಿ ಹತ್ತಿ, ಮುಷ್ಟಿಯಲ್ಲಿ ಸೆರಗಿನ ತುದಿ, ನಾ ಏನ್ ಸಿನಿಮಾದಾಂವಾ ತಂಗಿ, ನಕ್ಕರು, ಆದರೂ ನಾನು ರೆಕಾರ್ಡಿಗೆ ಹಿಡಿದ ಫೋನಿಗೆ ನನ್ನ ಸ್ಕ್ರಿಪ್ಟಿನ ಸಾಲು ಹೇಳಿದರು, ಹೆದರಬೇಡಿ, ಬಾಗಿಲು ತೆರೆಯಲಾಗುವುದು, ಅಯ್ಯೋ, ಥೇಟು ರೈಲ್ವೆ ಸ್ಟೇಷನ್ನು, ಮಯೂರ್ ಬಿದ್ದು ಬಿದ್ದು ನಗುತ್ತಾನೆ, ತಪ್ಪಿದ್ದು ಅವರಲ್ಲ, ಫೋನಿಗೇಕೆ ಭಯ, ಅದಕ್ಕೇಕೆ ಸಮಾಧಾನ, ಸಾರ್, ಫೋನ್ ಮರ್ತುಬಿಡಿ, ನಿಮ್ ಮಾತಲ್ಲೇ ಹೇಳಿ, ಮೇಡಂಗೆ ಹೇಳಿ, ಲಿಫ್ಟಲ್ಲಿ ಇರೋದು ಅವ್ರೇ ಅಂದ್ಕೊಳ್ಳಿ — ಪ್ರೇರಣಾ, ಕೆಲಸ ಮುಗಿದಿಲ್ಲ, ಬನ್ನಿ ಒಳಗೆ, ಬರುತ್ತೇನೆ ಡಾಕ್ಟರೇ, ಗುರುಶಾಂತಪ್ಪನವರು ಹೆಂಡತಿಯ ಎದುರು ಮಂಡಿ ಬಗ್ಗಿಸಿ ಕುಳಿತರು, ಆಕೆ ನಾಚಿ ಮುಖ ತಿರುಗಿಸಿದರು, ಅವರು ಕಾದರು, ಆಕೆ ನೋಡುವ ತನಕ ಕಾದರು, ಅಂಜಬ್ಯಾಡ, ಬಾಗಲಾ ತಗೀತಾರ, ರಸ್ತೆಯ ಹಾರ್ನುಗಳು ಎಲ್ಲಿ ಹೋದವು, ಅಲ್ಲೀತನಕ ನಾ ಎಲ್ಲೂ ಹೋಗಂಗಿಲ್ಲ — ಮುಷ್ಟಿ ಸಡಿಲಿತು, ಮೊದಲು ಕಿರುಬೆರಳು, ಅದರ ಪಕ್ಕದ್ದು, ಸೆರಗು ಜಾರಿತು, ಮುದುಡಿದ ಸೆರಗು, ಅಂಗೈಯಲ್ಲಿ ಉಗುರು ಒತ್ತಿದ ಗುರುತು, ಕೆಂಪಗೆ, ಆ ಅಂಗೈ, ತೆರೆದ ಅಂಗೈ —