ಆರನೆಯ ದಿನದ ಪಾರಣೆ

ಜೈನರ ಎಂಟು ದಿನದ ಪರ್ಯೂಷಣ ಹಬ್ಬದ ಮೂರನೆಯ ದಿನ ಬೆಳಿಗ್ಗೆ ಪ್ರಭಾಬೆನ್ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಸೊಸೆ ಫಾಲ್ಗುಣಿ ಅಠಾಯಿ ಹಿಡಿದಿದ್ದಳು. ಎಂಟು ದಿನ ಅನ್ನವಿಲ್ಲ, ಹಾಲಿಲ್ಲ, ಹಣ್ಣಿಲ್ಲ. ಕಾಯಿಸಿ ಆರಿಸಿದ ನೀರು ಮಾತ್ರ, ಅದೂ ಸೂರ್ಯ ಮುಳುಗುವವರೆಗೆ. ಅಂಥವಳ ಮುಖ ನೋಡಿದರೂ ಪುಣ್ಯವೆಂದು ಓಣಿಯ ಹೆಂಗಸರೆಲ್ಲ ಬಂದಿದ್ದರು.

“ಶಾತಾದಲ್ಲಿದ್ದೀಯಾ ಬೇಟಾ?” ಬಂದವರೆಲ್ಲ ಕೇಳುವುದು ಇದೊಂದೇ ಮಾತು. ನೆಮ್ಮದಿಯಾಗಿದ್ದೀಯಾ ಎಂದರ್ಥ.

“ದೇವ-ಗುರುಗಳ ದಯೆ,” ಎನ್ನುತ್ತಿದ್ದಳು ಫಾಲ್ಗುಣಿ. ತಪಸ್ಸಿಗೆ ಕೂತವರು ಕೊಡಬೇಕಾದ ಉತ್ತರವೂ ಒಂದೇ. ಈ ಪ್ರಶ್ನೆಗೆ ಇಲ್ಲವೆಂದವರನ್ನು ಭಾವನಗರದಲ್ಲಿ ಯಾರೂ ಕಂಡಿಲ್ಲ.

ಆದರೆ ಅವಳಿಗೆ ನೆಮ್ಮದಿ ಇರಲಿಲ್ಲ. ಕಣ್ಣನ್ನು ಎಡದಿಂದ ಬಲಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಝುಮ್ಮೆಂದು ಕರೆಂಟು ಹೊಡೆದಂತಾಗುತ್ತಿತ್ತು. ಕೂತ ಚಾಪೆ ತೇಲುತ್ತಿತ್ತು. ಬೆಳಗಿನ ಜಾವ ಬಿದ್ದ ಕನಸುಗಳು ಎದ್ದ ಮೇಲೂ ಬಿಡುತ್ತಿರಲಿಲ್ಲ. ಯಾರೋ ಬಂದು ಗಲ್ಲ ಸವರಿದರೂ ಅಳು ನುಗ್ಗಿ ಬರುತ್ತಿತ್ತು. “ನೋಡ್ರೇ, ಭಕ್ತಿ ಎಷ್ಟು ಉಕ್ತಿದೆ!” ಎಂದು ಎದುರು ಮನೆಯ ಚಾರುಬೆನ್ ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದು ಭಕ್ತಿಯಲ್ಲ, ಹಸಿವೂ ಅಲ್ಲ ಎಂದು ಆ ಮನೆಯಲ್ಲಿ ಮೂವರಿಗೆ ಗೊತ್ತಿರಬೇಕಿತ್ತು. ಎರಡೂವರೆ ವರ್ಷದ ಹಿಂದೆ ಫಾಲ್ಗುಣಿಯ ಎರಡನೆಯ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಮೇಲೆ ಅವಳು ಹಾಸಿಗೆ ಹಿಡಿದಳು. ತಲೆ ಬಾಚಲಿಲ್ಲ, ಈಗ ಎಂಟು ವರ್ಷದವಳಾಗಿರುವ ಮಗಳು ಧ್ವನಿ ಆಗ ಕರೆದರೂ ತಿರುಗಲಿಲ್ಲ. ಗಂಡ ನಿಮೇಶ್ ಸೀರೆ ಕೊಳ್ಳುವ ನೆಪದಲ್ಲಿ ಅಹಮದಾಬಾದಿಗೆ ಕರೆದೊಯ್ದು ಮನೋವೈದ್ಯೆಗೆ ತೋರಿಸಿದ. ದಿನಕ್ಕೊಂದು ಮಾತ್ರೆ. ಐದಾರು ವಾರಕ್ಕೆ ಅವಳು ತಾನಾಗಿ ಎದ್ದು ಒಗ್ಗರಣೆ ಹಾಕಿದಳು. ಆ ವಾಸನೆಗೆ ನಿಮೇಶ್ ಅಂಗಡಿಗೆ ಹೋಗುವುದನ್ನು ಮರೆತು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದ.

ಅಂದಿನಿಂದ ಮಾತ್ರೆ ತರುವುದು ಅವನದೇ ಕೆಲಸ. ಮೂಲೆಯ ಅಂಗಡಿಯಿಂದಲ್ಲ, ಸ್ಟೇಷನ್ ಆಚೆಯಿಂದ. ಕೇಳಿದವರಿಗೆ ಅದು ವಿಟಮಿನ್. ಹುಷಾರಾದ ಮೇಲೂ ಗುಟ್ಟು ಗುಟ್ಟಾಗಿಯೇ ಉಳಿಯಿತು. ಈಗಂತೂ ನಿಮೇಶನ ತಂಗಿ ಅಮಿಗೆ ಸಂಬಂಧ ಬಂದಿತ್ತು. ಹುಡುಗ ಚಾರುಬೆನ್‌ಳ ಅಣ್ಣನ ಮಗ. ನಮ್ಮ ಜನ ಹೆಣ್ಣು ನೋಡುವ ಮೊದಲು ಆ ಮನೆಯ ಔಷಧಿ ಡಬ್ಬಿ ನೋಡುತ್ತಾರೆ. ಸಾಲ ಇದ್ದರೂ ಸಹಿಸಿಯಾರು, ತಲೆಗೆ ಮಾತ್ರೆ ನುಂಗುವವರಿದ್ದರೆ ಬಂದ ದಾರಿ ಹಿಡಿಯುತ್ತಾರೆ.

ಅಠಾಯಿಯ ಮಾತೆತ್ತಿದವಳು ಅತ್ತೆ ಪ್ರಭಾಬೆನ್. “ಈ ಸಲ ನೀನು ಮಾಡ್ಬಿಡು ಬೇಟಾ. ಎಂಟು ದಿನ ಉಪವಾಸ ಕೂತವಳ ಮನಸ್ಸು ಮೆತ್ತಗಿದೆ ಅಂತ ಯಾರು ಹೇಳ್ತಾರೆ? ಜನ್ಮಜನ್ಮದ ಕರ್ಮವೇ ಸುಟ್ಟುಹೋಗತ್ತಂತೆ, ಆ ಮಾತ್ರೆ ಯಾವ ಲೆಕ್ಕ? ಅದೂ ಬಿಟ್ಹೋಗತ್ತೆ.”

ಪೂರಾ ತಪ್ಪನ್ನು ಅತ್ತೆಯ ತಲೆಗೆ ಕಟ್ಟಿದರೆ ಅನ್ಯಾಯವಾದೀತು. ಫಾಲ್ಗುಣಿಗೂ ಆ ಮಾತ್ರೆ ಸಾಕಾಗಿತ್ತು. ಮೈ ದಪ್ಪಗಾಗಿತ್ತು. ಹೋದ ಚಳಿಗಾಲದಲ್ಲಿ ಅಪ್ಪ ತೀರಿಕೊಂಡಾಗ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಅದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ವರ್ಷದಿಂದ ಚೆನ್ನಾಗಿಯೇ ಇದ್ದೇನಲ್ಲ, ಇನ್ನೇಕೆ ಎಂದುಕೊಂಡಳು. ನೀವಾಗಿ ನಿಲ್ಲಿಸಬೇಡಿ ಎಂದು ವೈದ್ಯೆ ಹೇಳಿದ್ದು ನೆನಪಿತ್ತು, ಆದರೆ ಕೇಳಿದರೆ ಬೇಡವೆಂದಾರು ಎಂದು ಕೇಳಲಿಲ್ಲ. ಪರ್ಯೂಷಣದ ಹಿಂದಿನ ಸಂಜೆ ಉಳಿದ ಮಾತ್ರೆಗಳನ್ನು ಪ್ರಭಾಬೆನ್ ಮೋರಿಗೆ ಹಾಕಿದಳು. ನಿಮೇಶ್ ಪೇಪರ್ ಓದುತ್ತಾ ಕೂತಿದ್ದ.

ನಾಲ್ಕನೆಯ ದಿನ ಅವಳು ಅತ್ತೆಗೆ ಹೇಳಿಯೇ ಹೇಳಿದಳು. “ಮಮ್ಮಿ, ತಲೇಲಿ ಏನೋ ಹೊಡೀತಿದೆ. ಇದು ಹಸಿವಿಂದು ಅಲ್ಲ.”

“ವಿಷ ಇಳೀತಿದೆ ಬೇಟಾ. ಎರಡು ವರ್ಷದ್ದು ಎರಡು ದಿನಕ್ಕೆ ಹೋಗತ್ತಾ? ತಡಕೊ.”

ತಡೆದುಕೊಂಡಳು. ಐದನೆಯ ದಿನ ಅಳು ನಿಂತಿತು. ಮನೆಯವರಿಗೆ ಸಮಾಧಾನವಾಯಿತು. ಹಾಗೆ ಅಳು ನಿಲ್ಲುವುದು ಏನೆಂದು ಫಾಲ್ಗುಣಿಗೆ ಮಾತ್ರ ಗೊತ್ತಿತ್ತು, ಹಿಂದೊಮ್ಮೆ ಅಲ್ಲಿಗೆ ಹೋಗಿ ಬಂದವಳಲ್ಲವೇ. ಧ್ವನಿ ಅಜ್ಜಿಯ ಹತ್ತಿರವೇ ಚೆನ್ನಾಗಿ ಬೆಳೆದಾಳು, ನಿಮೇಶ್ ಇನ್ನೂ ವಯಸ್ಸಿನವನು, ತಾನಿಲ್ಲದಿದ್ದರೆ ಯಾರಿಗೇನು ಎಂಬ ಲೆಕ್ಕ ತಣ್ಣಗೆ ತಾನೇ ತಾನಾಗಿ ನಡೆಯುತ್ತಿತ್ತು. ಅವಳಿಗೆ ಹೆದರಿಕೆಯಾದದ್ದು ಆ ತಣ್ಣನೆಯ ಲೆಕ್ಕಕ್ಕೇ.

ಅಠಾಯಿ ಹಿಡಿದವರು ದಿನವೂ ಸನ್ಯಾಸಿನಿಯರು ತಂಗುವ ಉಪಾಶ್ರಯಕ್ಕೆ ಹೋಗಿ ಆ ದಿನದ ಉಪವಾಸದ ಪಚ್ಚಖಾಣ, ಅಂದರೆ ಸಂಕಲ್ಪ, ತೆಗೆದುಕೊಳ್ಳಬೇಕು. ಸಾಧ್ವಿಗಳು ಹೇಳಿಕೊಟ್ಟರೆ ವ್ರತ, ಇಲ್ಲದಿದ್ದರೆ ಬರಿಯ ಹಸಿವು. ಆರನೆಯ ದಿನ ಪ್ರಭಾಬೆನ್ ಸೊಸೆಯ ರಟ್ಟೆ ಹಿಡಿದು ಕರೆದೊಯ್ದಳು. ಅಲ್ಲಿದ್ದ ಹಿರಿಯ ಸಾಧ್ವಿಗೆ ಎಪ್ಪತ್ತು ದಾಟಿತ್ತು.

“ಶಾತಾದಲ್ಲಿದ್ದೀಯಾ?”

“ಇಲ್ಲ ಸಾಹೇಬ್‌ಜಿ,” ಎಂದಳು ಫಾಲ್ಗುಣಿ.

ಹಿಂದೆ ಸಾಲಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡಿದರು. ಪ್ರಭಾಬೆನ್ ನಗಲು ನೋಡಿದಳು. “ಸ್ವಲ್ಪ ಪಿತ್ತ, ಅಷ್ಟೇ.”

ಸಾಧ್ವಿ ಅತ್ತೆ-ಸೊಸೆಯನ್ನು ಒಳಕೋಣೆಗೆ ಕರೆದರು. “ಯಾವುದಾದ್ರೂ ಔಷಧ ತಗೋತಿದ್ಯಾ? ನಿಲ್ಲಿಸಿದ್ಯಾ?” ಎಂದು ಕೇಳಿದರು. ಫಾಲ್ಗುಣಿ ನೆಲ ನೋಡುತ್ತಲೇ ಎಲ್ಲ ಹೇಳಿದಳು. ಕೊನೆಯದನ್ನೂ ಹೇಳಿದಳು. “ಬದುಕಬೇಕು ಅನ್ನಿಸ್ತಿಲ್ಲ ಸಾಹೇಬ್‌ಜಿ.”

“ಇವತ್ತು ನಿಂಗೆ ಪಚ್ಚಖಾಣ ಕೊಡಲ್ಲ,” ಎಂದರು ಸಾಧ್ವಿ.

“ಇನ್ನು ಮೂರೇ ದಿನ!” ಪ್ರಭಾಬೆನ್ ದನಿ ಏರಿತು. “ಮೆರವಣಿಗೆಗೆ ಹೆಸರು ಕೊಟ್ಟಾಗಿದೆ. ಪಾರಣೆಗೆ ನೂರಾರು ಜನಕ್ಕೆ ಹೇಳಿದೀವಿ, ಬೀಗರಾಗೋರು ಬರ್ತಾರೆ. ವ್ರತ ಮುರಿದ ಪಾಪ ಯಾರಿಗೆ?”

“ಪ್ರಭಾಬೆನ್, ನಲವತ್ತು ವರ್ಷದಿಂದ ಆ ಪಚ್ಚಖಾಣ ಕೇಳ್ತಿದೀರಿ, ಕಿವಿಗೆ ಮಾತ್ರ ಕೇಳಿದೀರಿ. ಅದರಲ್ಲೇ ಹೇಳಿದೆ, ಮನಸ್ಸಿನ ಸಮಾಧಿ ಕೆಟ್ಟೋಗೋ ಅಂಥ ಕಾಯಿಲೆ ಬಂದ್ರೆ ಔಷಧ ತಗೊಂಡ್ರೂ ವ್ರತ ಮುರಿಯಲ್ಲ ಅಂತ. ಕಾಲು ಮುರಿದೋರಿಗೆ ಒಂದು, ಮನಸ್ಸು ಮುರಿದೋರಿಗೆ ಒಂದು ಅಂತ ಅಲ್ಲಿ ಬರೆದಿಲ್ಲ. ಮನೆಗೆ ಕರ್ಕೊಂಡ್ಹೋಗಿ. ಒಬ್ಬಳನ್ನೇ ಬಿಡಬೇಡಿ.”

ದಾರಿಯುದ್ದಕ್ಕೂ ಪ್ರಭಾಬೆನ್ ಗೊಣಗಿದಳು. ಸಾಧ್ವಿಗಳಿಗೇನು, ಮದುವೆ ಮಾಡಬೇಕಾದ ಮಗಳಿದ್ದಾಳೆಯೇ? ಪಚ್ಚಖಾಣ ತನಗೂ ಬರುತ್ತದೆ, ಮನೆಯಲ್ಲಿ ತಾನೇ ಹೇಳಿಕೊಟ್ಟರಾಯಿತು. “ನಂಗೋಸ್ಕರ ಮೂರು ದಿನ ಬೇಟಾ. ಕೈ ಮುಗೀತೀನಿ.” ಫಾಲ್ಗುಣಿ ಬೇಡವೆನ್ನಲಿಲ್ಲ. ಬೇಡವೆನ್ನಲೂ ಏನಾದರೂ ಬೇಕೆನಿಸಬೇಕಲ್ಲ.

ಮನೆಯಲ್ಲಿ ಧ್ವನಿ ಕನ್ನಡಿಯ ಮುಂದೆ ನಿಂತು ಜಡೆಯೊಡನೆ ಒದ್ದಾಡುತ್ತಿದ್ದಳು. ಪ್ರಭಾಬೆನ್ ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡಳು. “ಕೊಡಿಲ್ಲಿ. ಮಮ್ಮಿ ಕೈಲಿ ಹಾಕಿಸ್ಕೋಬಾರ್ದಾ?”

“ನಾನೇ ಕಲೀಬೇಕಂತೆ ದಾದಿ. ಮಮ್ಮಿ ನಿನ್ನೆ ಇಡೀ ಮಧ್ಯಾಹ್ನ ಕಲಿಸಿದ್ಳು. ನನ್ನ ಬೆಚ್ಚನೆ ಬಟ್ಟೆ ಎಲ್ಲಿದೆ, ಪರೀಕ್ಷೆ ದಿನ ಯಾವ ಪೆನ್ನು, ಎಲ್ಲಾ ಹೇಳಿದ್ಳು. ಅಡುಗೆಮನೆ ಡಬ್ಬಿಗೆಲ್ಲಾ ಹೆಸರು ಬರೆದು ಅಂಟಿಸಿದೀವಿ, ಬನ್ನಿ ತೋರಿಸ್ತೀನಿ!”

ಪ್ರಭಾಬೆನ್ ಹೋಗಿ ನೋಡಿದಳು. ಹೆಸರುಬೇಳೆ, ಜೀರಿಗೆ, ಇಂಗು. ಪ್ರತಿ ಡಬ್ಬಿಯ ಮೇಲೂ ದುಂಡನೆಯ ಅಕ್ಷರ. ಅಲ್ಲೇ ನೆಲಕ್ಕೆ ಕೂತಳು.

ನಲವತ್ತೊಂದು ವರ್ಷದ ಹಿಂದೆ ಮಹುವಾದಲ್ಲಿ ಅವಳ ಅಕ್ಕ ಕಂಚನ್ ಹೀಗೆಯೇ ಒಂದು ದಿನ ಕೂತು ಉಪ್ಪಿನಕಾಯಿ ಭರಣಿಗಳಿಗೆಲ್ಲ ಚೀಟಿ ಅಂಟಿಸಿದ್ದಳು. ಯಾವುದನ್ನು ಮೊದಲು ಮುಗಿಸಬೇಕು, ಯಾವುದು ಮುಂದಿನ ವರ್ಷಕ್ಕೆ ಎಂದೂ ಬರೆದಿದ್ದಳು. ಮರುದಿನ ಬಾವಿಯಿಂದ ಅವಳನ್ನು ಎತ್ತಿದರು. ಕಾಲು ಜಾರಿತು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಎಂಟು ವರ್ಷದ ಅವಳ ಮಗ ಪರಾಗನಿಗೂ ಹಾಗೆಯೇ ಹೇಳಿದವಳು ಪ್ರಭಾಬೆನ್. ಹೇಳಿ ಹೇಳಿ ತಾನೂ ನಂಬಿದ್ದಳು.

“ಅಮಿ!” ಎಂದು ಕೂಗಿದಳು. ಆ ಕೂಗಿಗೆ ನಿಮೇಶನೂ ಓಡಿಬಂದ. “ಭಾಭಿ ಪಕ್ಕ ಕೂತ್ಕೊ. ಬಚ್ಚಲಿಗೆ ಹೋದ್ರೂ ಜೊತೆಗೆ ಹೋಗು. ನಿಮೇಶ್, ಆ ಡಾಕ್ಟರಿಗೆ ಫೋನ್ ಮಾಡು.”

“ಮಮ್ಮಿ, ಜನ ಏನಂತಾ…”

“ಮಾಡು ಅಂದೆ!”

ವೈದ್ಯೆ ಬೈಯಲಿಲ್ಲ. ಹಿಂದಿನ ಮಾತ್ರೆಯನ್ನೇ ಇವತ್ತೇ ಶುರು ಮಾಡಬೇಕು, ನಾಳೆಯೇ ಕರೆತರಬೇಕು, ಅಲ್ಲಿಯವರೆಗೆ ಕಣ್ಣು ತೆಗೆಯಬಾರದು, ಮನಸ್ಸು ಇನ್ನೂ ಕೆಟ್ಟರೆ ನಾಳೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು ಎಂದರು. ಆಮೇಲೆ ಫಾಲ್ಗುಣಿಯ ಮಾತನ್ನೆಲ್ಲ ಕೇಳಿಸಿಕೊಂಡು ಅವಳಿಗೆ ಹೇಳಿದರು: “ನಿಲ್ಲಿಸಬೇಕು ಅನ್ನೋ ಆಸೆ ತಪ್ಪಲ್ಲಮ್ಮ. ಅಪ್ಪ ಹೋದಾಗ ಅಳು ಬರಲಿಲ್ಲ ಅಂತ ನಂಗೆ ಯಾಕೆ ಹೇಳ್ಲಿಲ್ಲ? ಮಾತ್ರೆ ಬದಲಾಯಿಸ್ಬಹುದಿತ್ತು. ನಿಲ್ಲಿಸೋದಾದ್ರೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪಾನೇ ಇಳಿಸ್ಕೊಂಡು ಬರ್ಬೇಕು.” ಫಾಲ್ಗುಣಿ ಹೂಂಗುಟ್ಟಿದಳು.

ಪ್ರಭಾಬೆನ್ ಸೊಸೆಯ ಬೀರುವಿನಿಂದ ವೈದ್ಯೆಯ ಚೀಟಿ ತೆಗೆದುಕೊಂಡು ಮೂಲೆಯ ಔಷಧಿ ಅಂಗಡಿಗೆ ತಾನೇ ಹೋದಳು. ಅಲ್ಲಿ ಚಾರುಬೆನ್ ತಲೆನೋವಿನ ಮುಲಾಮು ಕೊಳ್ಳುತ್ತಿದ್ದಳು.

“ಯಾರಿಗೆ ಪ್ರಭಾಬೆನ್ ಔಷಧಿ?”

ವಿಟಮಿನ್ ಎಂಬ ಮಾತು ಬಾಯಿಯವರೆಗೆ ಬಂದಿತ್ತು. “ನಮ್ಮ ಫಾಲ್ಗುಣಿಗೆ. ಮನಸ್ಸಿನ ಕಾಯಿಲೆಗೆ. ಎರಡು ವರ್ಷದಿಂದ ತಗೋತಿದ್ಳು, ನಾನು ನಿಲ್ಲಿಸ್ದೆ, ಕೈಮೀರ್ತಿತ್ತು.”

ಚಾರುಬೆನ್ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟುಹೋದಳು.

ಅಂದು ಮಧ್ಯಾಹ್ನ ಪ್ರಭಾಬೆನ್ ಹೆಸರುಬೇಳೆಯ ತಿಳಿಯನ್ನು ಚಮಚದಲ್ಲಿ ಸೊಸೆಗೆ ಕುಡಿಸಿದಳು. ಹಾಡಿಲ್ಲ, ನೆಂಟರಿಲ್ಲ. ನಾಲ್ಕು ಚಮಚದ ಮೇಲೆ ಮಾತ್ರೆ. ಗುಣ ಕೂಡಲೇ ಕಾಣುವಂಥದ್ದಲ್ಲ. ಮರುದಿನ ಅಹಮದಾಬಾದಿನ ದಾರಿಯಲ್ಲೂ ಫಾಲ್ಗುಣಿಯ ತಲೆ ಝುಮ್ಮೆನ್ನುತ್ತಲೇ ಇತ್ತು. ಆದರೆ ಅವಳ ಒಂದು ಕೈ ನಿಮೇಶನ ಕೈಯಲ್ಲಿತ್ತು, ಅವನು ದಾರಿಯುದ್ದಕ್ಕೂ ಅಳುತ್ತಿದ್ದ.

ಸಂಬಂಧ ತಪ್ಪಿತು. ಜಾತಕ ಕೂಡಿಬರಲಿಲ್ಲವೆಂದು ಹೇಳಿಕಳಿಸಿದರು. ಜಾತಕ ಕೇಳಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಅಮಿ ಫಾಲ್ಗುಣಿಯ ಮಂಚದ ತುದಿಗೆ ಬಂದು ಕೂತಳು. “ಕೋಪ ಇಲ್ಲ ಅಂದ್ರೆ ಸುಳ್ಳಾಗತ್ತೆ ಭಾಭಿ. ಹೊಟ್ಟೆ ಉರೀತಿದೆ. ಆದ್ರೂ ನೀವಿರಬೇಕು.”

ಎಂಟನೆಯ ದಿನ ಸಂವತ್ಸರಿ. ವರ್ಷದಲ್ಲಿ ಮಾಡಿದ ತಪ್ಪಿಗೆಲ್ಲ ಎಲ್ಲರಲ್ಲೂ ಕ್ಷಮೆ ಬೇಡುವ ದಿನ. ಕಿರಿಯರು ಮೊದಲು ಕೈಮುಗಿಯುವುದು ವಾಡಿಕೆ. ಅಂದು ಸಂಜೆ ಪ್ರಭಾಬೆನ್ ತಾನೇ ಸೊಸೆಯ ಮುಂದೆ ಬಂದು ಕೈಮುಗಿದಳು. “ಮಿಚ್ಛಾಮಿ ದುಕ್ಕಡಂ ಬೇಟಾ.”

ಫಾಲ್ಗುಣಿ ಅತ್ತೆಯ ಕೈಗಳನ್ನು ಹಿಡಿದು ಕೆಳಗಿಳಿಸಿದಳು. “ಕ್ಷಮಿಸ್ದೆ ಅಂತ ಬಾಯಲ್ಲಿ ಹೇಳ್ಬಹುದು ಮಮ್ಮಿ. ಒಳಗೆ ಇನ್ನೂ ಆಗ್ತಿಲ್ಲ.”

“ಆದಾಗ ಹೇಳು,” ಎಂದಳು ಪ್ರಭಾಬೆನ್. “ಆಗದಿದ್ರೂ ಹೇಳು. ಮುಚ್ಚಿಡಬೇಡ.”

ಮರುದಿನ ಬೆಳಿಗ್ಗೆ ಊರಿನ ಮೆರವಣಿಗೆಯ ಬ್ಯಾಂಡು ಬೇರೆಯವರ ಮನೆಯ ಮುಂದೆ ನಿಂತಿತು. ಪ್ರಭಾಬೆನ್ ಕಿಟಕಿ ಮುಚ್ಚಿ ಮಹುವಾಗೆ ಫೋನ್ ಹಚ್ಚಿದಳು.

“ಪರಾಗ್, ಮಿಚ್ಛಾಮಿ ದುಕ್ಕಡಂ ಬೇಟಾ.”

“ಮಿಚ್ಛಾಮಿ ದುಕ್ಕಡಂ ಮಾಸಿ. ಎಲ್ಲಾ ಆರಾಮಾ?”

“ಇದು ವರ್ಷವರ್ಷ ಹೇಳೋ ಥರದ್ದಲ್ಲ. ನಾನು ನಿಂಗೆ ಸುಳ್ಳು ಹೇಳಿದೀನಿ. ನಿಮ್ಮಮ್ಮ ಕಾಲು ಜಾರಿ ಬೀಳ್ಲಿಲ್ಲ ಕಣೋ. ಅವಳಿಗೆ ಕಾಯಿಲೆ ಇತ್ತು. ನಮ್ಗೆಲ್ಲಾ ಕಾಣ್ತಿತ್ತು, ಹೆಸರು ಕೆಡತ್ತೆ ಅಂತ ಯಾರೂ ಡಾಕ್ಟರ ಹತ್ರ ಕರ್ಕೊಂಡ್ಹೋಗ್ಲಿಲ್ಲ.”

“ಗೊತ್ತಿತ್ತು ಮಾಸಿ,” ಎಂದ ಆ ಕಡೆಯಿಂದ, ಐವತ್ತರ ಹತ್ತಿರದ ಆ ಗಂಡಸು. “ಹೇಳೋರು ಯಾರೂ ಇರ್ಲಿಲ್ಲ. ನಂಗೂ ಅದೇ ಇದೆ. ಆರು ವರ್ಷದಿಂದ ಮಾತ್ರೆ ತಗೋತಿದೀನಿ. ನಿಮಗೆಲ್ಲಾ ಗೊತ್ತಾಗಬಾರ್ದು ಅಂತ… ಈ ಸಲ ಪರ್ಯೂಷಣದಲ್ಲಿ ಬಿಟ್ಬಿಟ್ಟೆ. ನಾಲ್ಕು ದಿನ ಆಯ್ತು.”

ಪ್ರಭಾಬೆನ್ ಒಳಗೆ ಓಡಿ, ಮಲಗಿದ್ದ ಫಾಲ್ಗುಣಿಯನ್ನು ಎಬ್ಬಿಸಿ ಫೋನನ್ನು ಅವಳ ಕೈಗಿಟ್ಟಳು. “ನೀನು ಮಾತಾಡು. ಇದರ ಬಗ್ಗೆ ನಂಗೇನೂ ಗೊತ್ತಿಲ್ಲ, ನಿಂಗೆ ಗೊತ್ತು.”

ಫಾಲ್ಗುಣಿ ಎದ್ದು ಗೋಡೆಗೆ ಒರಗಿ ಕೂತಳು.

“ಪರಾಗ್‌ಭಾಯ್, ನಾನು ಫಾಲ್ಗುಣಿ. ಕಣ್ಣು ಹೊರಳಿಸಿದ್ರೆ ತಲೇಲಿ ಕರೆಂಟು ಹೊಡೀತಿದೆಯಾ? ಫೋನ್ ಇಡಬೇಡಿ, ನಂಗೆ ಏನಾಯ್ತು ಅಂತ ಹೇಳ್ತೀನಿ ಕೇಳಿ.”